ಗೆಳೆಯನ ಚಿತ್ರಕಲೆ ಕಾದಂಬರಿಯಾಗುವುದು ಹೇಗೆ?

ಪ್ರಶ್ನೆ: ನಾನು ದಾವಣಗೆರೆಯವನು, ಬ್ಯಾಂಕ್ ನೌಕರಿಯಿಂದ ನಿವೃತ್ತನಾಗಿದ್ದೇನೆ. ಶಾಲೆಯ ದಿನಗಳಿಂದ ಜೊತೆಗಿದ್ದ ನನ್ನ ಗೆಳೆಯನೊಬ್ಬ ನಾಟಕ ಕಂಪನಿಗಳಿಗೆ ಪರದೆ ಬರೆಯುತ್ತಿದ್ದ. ಆಮೇಲೆ ಅಂಗಡಿಗಳ ಬೋರ್ಡು ಬರೆದು ಸಂಸಾರ ಸಾಗಿಸಿದ. ಅವನು ತೀರಿಕೊಂಡ ಮೇಲೆ ಅವನ ಕಲೆಯನ್ನೂ ನಮ್ಮ ಸ್ನೇಹವನ್ನೂ ಕುರಿತು ಒಂದು ಕಾದಂಬರಿ ಬರೆಯತೊಡಗಿದ್ದೇನೆ. ಅರ್ಧದಷ್ಟು ಮುಗಿದಿದೆ, ಆದರೆ ಓದಿದವರೆಲ್ಲ ‘ಶ್ರದ್ಧಾಂಜಲಿಯ ಹಾಗಿದೆ’ ಎನ್ನುತ್ತಾರೆ. ಚಿತ್ರವನ್ನು ಮಾತಿನಲ್ಲಿ ಕಾಣಿಸುವುದು ಹೇಗೆ? ತೀರಿಹೋದವನ ಸ್ನೇಹ ಇನ್ನೂ ಉಳಿದಿದೆ ಎಂಬುದನ್ನು ಗೋಳಾಟವಿಲ್ಲದೆ ಹೇಳುವುದು ಹೇಗೆ? ಅವನ ನಿಜಜೀವನವನ್ನು ಎಷ್ಟರಮಟ್ಟಿಗೆ ಬಳಸಿಕೊಳ್ಳಬಹುದು?

ಉತ್ತರ: ಮಾನ್ಯರೇ, ಪ್ರಶ್ನೆಯೊಂದಿಗೆ ನೀವು ಕಳುಹಿಸಿದ ಎರಡು ಅಧ್ಯಾಯಗಳನ್ನು ಓದಿದೆ. ನಿಮ್ಮ ಓದುಗರು ಹೇಳಿದ್ದು ಸರಿಯಾಗಿದೆ, ಆದರೆ ಅದಕ್ಕೆ ಕಾರಣ ನೀವು ಶಂಕಿಸಿರುವಂತೆ ಭಾವುಕತೆಯಲ್ಲ. ಭಾವುಕತೆಯನ್ನು ಕನ್ನಡದ ಓದುಗರು ಬಹಳ ಕಾಲದಿಂದ ಸಹಿಸುತ್ತ, ಕೆಲವೊಮ್ಮೆ ಬಯಸುತ್ತಲೂ ಬಂದಿದ್ದಾರೆ. ತೊಡಕು ಇರುವುದು ಬೇರೆ ಕಡೆ. ಮೊದಲ ಪುಟದಲ್ಲಿಯೇ ‘ಅವನ ಕುಂಚದಲ್ಲಿ ಜೀವಕಳೆ ಇತ್ತು’ ಎಂದಿದ್ದೀರಿ. ಎರಡು ಪುಟ ಕಳೆಯುವಷ್ಟರಲ್ಲಿ ‘ನಮ್ಮದು ದೇಹವೆರಡು, ಜೀವವೊಂದು ಎಂಬಂಥ ಸ್ನೇಹ’ ಎಂದಿದ್ದೀರಿ. ಕಲೆಯ ಬಗ್ಗೆಯೂ ಸ್ನೇಹದ ಬಗ್ಗೆಯೂ ತೀರ್ಪು ಹೀಗೆ ಮೊದಲೇ ಹೊರಬಿದ್ದ ಮೇಲೆ ಓದುವವನಿಗೆ ತಾನಾಗಿ ಕಂಡುಕೊಳ್ಳಬೇಕಾದದ್ದು ಏನೂ ಉಳಿಯುವುದಿಲ್ಲ. ಶ್ರದ್ಧಾಂಜಲಿಯಲ್ಲಿ ವ್ಯಕ್ತಿಯ ಲೆಕ್ಕ ಮುಗಿದಿರುತ್ತದೆ. ಕಾದಂಬರಿಯಲ್ಲಿ ಅವನು ನಾಳೆ ಏನು ಮಾಡುತ್ತಾನೆಂಬುದು ಅವನಿಗೂ ಗೊತ್ತಿರಬಾರದು, ಅವನ ಗೆಳೆಯನಿಗೂ ಗೊತ್ತಿರಬಾರದು.

ಕಲೆಯನ್ನು ಕುರಿತ ಕಾದಂಬರಿಯಲ್ಲಿ ಸ್ನೇಹವನ್ನು ಬೇರೆಯಾಗಿ ವರ್ಣಿಸಲು ಹೋಗಬೇಡಿ. ಅದನ್ನು ಕೆಲಸದೊಳಗೆ ಇರಿಸಿ. ಒಬ್ಬ ಮಾಡುತ್ತಾನೆ, ಇನ್ನೊಬ್ಬ ನೋಡುತ್ತಾನೆ. ನೋಡುವವನ ಕಣ್ಣಿಗೆ ಅಂಜಿಯೋ ಆಸೆಪಟ್ಟೋ ಮಾಡುವವನ ಕೈ ಬೇರೆ ರೀತಿಯಲ್ಲಿ ಚಲಿಸುತ್ತದೆ. ಮಾಡುವವನ ಕೈಯನ್ನು ಕಂಡು ನೋಡುವವನ ಕಣ್ಣು ಬದಲಾಗುತ್ತದೆ. ಈ ಕೊಡುಕೊಳ್ಳುವಿಕೆಯೇ ನಿಮ್ಮ ಕಥಾವಸ್ತು. ನೀವು ಕೇಳಿರುವ ಮೂರು ಪ್ರಶ್ನೆಗಳಿಗೂ ನಾನು ಇದನ್ನು ಹಿಡಿದುಕೊಂಡೇ ಉತ್ತರಿಸುತ್ತೇನೆ.

ಮೊದಲು ಚಿತ್ರದ ವಿಷಯ. ನಿಮ್ಮ ಗೆಳೆಯರು ಬರೆದ ಅರಮನೆ ಪರದೆಯನ್ನು ‘ಅದ್ಭುತ’, ‘ಮನಮೋಹಕ’, ‘ನೈಜ’ ಎಂಬ ಮಾತುಗಳಲ್ಲಿ ವಿವರಿಸಿದ್ದೀರಿ. ಈ ಮಾತುಗಳಿಂದ ಯಾರ ಕಣ್ಣ ಮುಂದೆಯೂ ಪರದೆ ಇಳಿಯುವುದಿಲ್ಲ. ಚಿಂದೋಡಿ ವೀರಪ್ಪನವರು ಕಟ್ಟಿದ ಕೆ.ಬಿ.ಆರ್. ನಾಟಕ ಕಂಪನಿಯ ಊರಿನಲ್ಲಿ ಹುಟ್ಟಿ ಬೆಳೆದವರು ನೀವು. ಅರಮನೆ, ಬೀದಿ, ಕಾಡು, ಜೈಲು ಎಂದು ಪರದೆಗಳನ್ನು ಹೆಸರು ಹಿಡಿದು ಕರೆಯುವುದನ್ನು ಕೇಳಿದ್ದೀರಿ, ಅವು ಸುರುಳಿ ಸುತ್ತಿ ಮೇಲೇರುವುದನ್ನು ಕಂಡಿದ್ದೀರಿ. ಪರದೆ ತಯಾರಾಗುವ ಬಗೆಯನ್ನು ಮೊದಲಿನಿಂದ ಬರೆಯಿರಿ: ಬಟ್ಟೆಯ ಪಟ್ಟಿಗಳನ್ನು ಜೋಡಿಸಿ ಹೊಲಿಯುವುದು, ಸರೇಸು ಎಂಬ ಅಂಟನ್ನು ನೀರಿನಲ್ಲಿ ನೆನೆಸಿ ಕಾಯಿಸುವುದು ಮತ್ತು ಆ ವಾಸನೆ ಮನೆಯವರಿಗೆಲ್ಲ ಹೇಸಿಗೆಯಾಗುವುದು, ಸರೇಸು ಬೆರೆಸಿದ ಬಿಳಿಯನ್ನು ಮೊದಲ ಪದರವಾಗಿ ಬಳಿಯುವುದು, ಚಿಕ್ಕ ನಕ್ಷೆಯ ಮೇಲೆ ಚೌಕಗಳನ್ನು ಎಳೆದು ಅದೇ ಚೌಕಗಳನ್ನು ಬಟ್ಟೆಯ ಮೇಲೆ ದೊಡ್ಡದಾಗಿ ಎಳೆದುಕೊಳ್ಳುವುದು.

ಇಲ್ಲಿ ನಿಮಗೆ ತಾನಾಗಿ ಒದಗಿಬರುವ ಒಂದು ದೃಶ್ಯವಿದೆ, ಅದನ್ನು ನೀವು ಬಿಟ್ಟೇಬಿಟ್ಟಿದ್ದೀರಿ. ಉದ್ದನೆಯ ನೇರ ಗೆರೆಯನ್ನು ಬಟ್ಟೆಯ ಮೇಲಾಗಲಿ ಗೋಡೆಯ ಮೇಲಾಗಲಿ ಹಾಕಬೇಕಾದಾಗ ಪೇಂಟರ್‌ಗಳು ದಾರಕ್ಕೆ ಬಣ್ಣದ ಪುಡಿ ಅಥವಾ ಇದ್ದಿಲ ಪುಡಿ ಸವರಿ, ಎರಡೂ ತುದಿಗಳನ್ನು ಬಿಗಿಯಾಗಿ ಎಳೆದು ಹಿಡಿದು, ನಡುವೆ ಒಮ್ಮೆ ಮೀಟುತ್ತಾರೆ. ಗೆರೆ ಮೂಡುತ್ತದೆ. ಒಂದು ತುದಿಗೆ ಮೊಳೆ ಹೊಡೆದು ಒಬ್ಬರೇ ಮಾಡುವುದೂ ಉಂಟು, ಆದರೆ ಸಾಮಾನ್ಯವಾಗಿ ಇನ್ನೊಂದು ತುದಿಯನ್ನು ಹಿಡಿಯಲು ಒಬ್ಬರು ಬೇಕು. ನಿಮ್ಮ ಎರಡನೆಯ ಅಧ್ಯಾಯದಲ್ಲಿ ‘ಅವನಿಗೆ ಸಂಜೆಯ ಹೊತ್ತು ಸಹಾಯ ಮಾಡುತ್ತಿದ್ದೆ’ ಎಂದು ಅರ್ಧ ಸಾಲಿನಲ್ಲಿ ಮುಗಿಸಿದ್ದೀರಿ. ಏನು ಸಹಾಯ? ದಾರದ ತುದಿ ಹಿಡಿದಿದ್ದಿರಾ? ಕೈ ಸ್ವಲ್ಪ ಸಡಿಲವಾದರೆ ಗೆರೆ ಎರಡಾಗಿ ಬೀಳುತ್ತದೆ, ಆಗ ಅವರು ಏನೆಂದು ಬೈಯುತ್ತಿದ್ದರು? ಅರಮನೆಯ ಕಂಬಗಳೆಲ್ಲ ದೂರದಲ್ಲಿ ಒಂದೇ ಬಿಂದುವಿಗೆ ಸರಿಯುವಂತೆ ಕಾಣಬೇಕಾದರೆ ಆ ಬಿಂದುವಿನಿಂದ ಹತ್ತಾರು ದಾರಗಳನ್ನು ಎಳೆಯಬೇಕು. ಹಾಗಾದರೆ ನೀವು ಹತ್ತಾರು ಸಲ ಅಲ್ಲಿ ಮಂಡಿಯೂರಿ ಕುಳಿತಿರಲೇಬೇಕು. ಈ ಒಂದು ಕೆಲಸವನ್ನು ಎರಡು ಪುಟಗಳಷ್ಟು ನಿಧಾನವಾಗಿ ಬರೆದರೆ ‘ಜೀವವೊಂದು’ ಎಂಬ ಮಾತಿನ ಅಗತ್ಯವೇ ಬೀಳುವುದಿಲ್ಲ.

ಇನ್ನೊಂದು ವಿವರವನ್ನೂ ಬಳಸಿಕೊಳ್ಳಿ. ಸರೇಸಿನಲ್ಲಿ ಕಲಸಿದ ಬಣ್ಣ ಹಸಿಯಾಗಿದ್ದಾಗ ಗಾಢವಾಗಿ ಕಾಣುತ್ತದೆ, ಒಣಗಿದಾಗ ಬಹಳಷ್ಟು ತಿಳಿಯಾಗುತ್ತದೆ. ಆದ್ದರಿಂದ ಬರೆಯುವವನು ಕಣ್ಣೆದುರಿನ ಬಣ್ಣವನ್ನು ನಂಬದೆ ನಾಳೆ ಉಳಿಯುವ ಬಣ್ಣವನ್ನು ಊಹಿಸಿ ಹಚ್ಚುತ್ತಾನೆ. ಜೊತೆಗೆ, ಪರದೆಯನ್ನು ಬರೆಯುವುದು ಹತ್ತಿರದಿಂದ ನೋಡುವುದಕ್ಕಲ್ಲ. ಪೆಂಡಾಲಿನ ಕೊನೆಯ ಸಾಲಿನಲ್ಲಿ ಕುಳಿತವನಿಗೆ, ರಂಗದ ದೀಪದ ಬೆಳಕಿನಲ್ಲಿ ಅದು ಅರಮನೆಯಾಗಬೇಕು. ಮಾರು ದೂರದಲ್ಲಿ ನಿಂತವನಿಗೆ ಒರಟು ಗೀಚುಗಳಷ್ಟೇ ಕಾಣುತ್ತವೆ. ಬ್ಯಾಂಕಿನ ಗುಮಾಸ್ತನಾದ ನಿಮ್ಮ ನಿರೂಪಕನಿಗೆ ಇದು ಯಾವುದೂ ಗೊತ್ತಿಲ್ಲ ಎಂದಿಟ್ಟುಕೊಳ್ಳಿ. ಅವನು ಹಸಿ ಬಣ್ಣವನ್ನು ನೋಡಿ ‘ಬಹಳ ಕಪ್ಪಾಯಿತು ಕಣೋ’ ಎನ್ನಲಿ, ಗೆಳೆಯ ಉತ್ತರಿಸದೆ ಸುಮ್ಮನಿರಲಿ, ಮಾರನೆಯ ದಿನ ಅದೇ ಗೋಡೆಗೆ ಬೆಳಗಿನ ಬಣ್ಣ ಬಂದಿರಲಿ. ನಿರೂಪಕ ಕಲಿತದ್ದನ್ನು ಅವನ ಜೊತೆಗೇ ಓದುಗನೂ ಕಲಿಯುತ್ತಾನೆ. ಕಲೆಯ ಬಗ್ಗೆ ಎಲ್ಲ ತಿಳಿದವನನ್ನು ನಿರೂಪಕನನ್ನಾಗಿ ಮಾಡಿಕೊಳ್ಳುವುದಕ್ಕಿಂತ ಏನೂ ತಿಳಿಯದ, ಆದರೆ ಎದ್ದುಹೋಗದೆ ನೋಡುತ್ತ ಕೂರುವ ಗೆಳೆಯನನ್ನು ನಿರೂಪಕನನ್ನಾಗಿ ಮಾಡಿಕೊಳ್ಳುವುದು ಯಾವಾಗಲೂ ಲೇಸು. ನಿಮಗೆ ಅಂಥವನು ಕೈಯಲ್ಲಿಯೇ ಇದ್ದಾನೆ. ಅವನಿಗೆ ಕಲಾವಿಮರ್ಶಕನ ಭಾಷೆಯನ್ನು ಕಲಿಸಿ ಕೆಡಿಸಬೇಡಿ.

ನಮ್ಮ ಸೀಮೆಯಲ್ಲಿ ಕಲಾವಿದನನ್ನು ಕುರಿತ ಕಾದಂಬರಿ ಎಂದೊಡನೆ ತ.ರಾ.ಸು. ನೆನಪಾಗುತ್ತಾರೆ. ಮಲೇಬೆನ್ನೂರಿನಲ್ಲಿ ಹುಟ್ಟಿ ದುರ್ಗದ ಹೆಸರಿನೊಂದಿಗೇ ಬೆಸೆದುಹೋದ ಅವರು ಚಿತ್ರದುರ್ಗದ ಸಂಗೀತಗಾರ ಭೈರವಿ ವೆಂಕಟಸುಬ್ಬಯ್ಯನವರನ್ನು ಕೇಂದ್ರವಾಗಿಟ್ಟುಕೊಂಡು ಬರೆದ ‘ಹಂಸಗೀತೆ’ ಕಾದಂಬರಿಯನ್ನು ನೀವು ಓದಿಯೇ ಇರುತ್ತೀರಿ, 1975ರಲ್ಲಿ ಜಿ.ವಿ. ಅಯ್ಯರ್ ತೆಗೆದ ಚಲನಚಿತ್ರವನ್ನೂ ನೋಡಿರಬಹುದು. ಅದನ್ನು ಮಾದರಿಯಾಗಿ ಇಟ್ಟುಕೊಳ್ಳುವ ಆಸೆ ನಿಮ್ಮ ಬರವಣಿಗೆಯಲ್ಲಿ ಅಲ್ಲಲ್ಲಿ ಕಾಣುತ್ತದೆ. ಬೇಡ ಎಂಬುದು ನನ್ನ ಸಲಹೆ. ಅಲ್ಲಿರುವುದು ಅರಸರ ಕಾಲ, ಆಸ್ಥಾನ, ಕಲೆಗಾಗಿ ಪ್ರಾಣವನ್ನೇ ಪಣವಿಡುವ ಎತ್ತರದ ಪಾತ್ರ. ನಿಮ್ಮ ಗೆಳೆಯರು ಪಣವಿಟ್ಟದ್ದು ತಿಂಗಳ ಬಾಡಿಗೆಯನ್ನು. ಅದೇನೂ ಕಡಿಮೆಯಲ್ಲ, ಆದರೆ ಅದರ ಗತ್ತೇ ಬೇರೆ. ಅರಮನೆ ಪರದೆಯ ಮುಂದೆ ನಿಂತು ಆಡುವ ಭಾಷೆಯಲ್ಲಿ ಮಂಡಿಪೇಟೆಯ ಅಂಗಡಿಯ ಬೋರ್ಡನ್ನು ವರ್ಣಿಸಿದರೆ ಎರಡೂ ಸುಳ್ಳಾಗುತ್ತವೆ.

ನೀವು ತಿಳಿದುಕೊಳ್ಳಲೇಬೇಕಾದ ಇನ್ನೊಂದು ಕಥೆ ದೂರದ ಫ್ರಾನ್ಸಿನದು. ಅದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ಚಿತ್ರಕಾರ ಗೆಳೆಯನನ್ನು ಕಾದಂಬರಿಯಾಗಿಸುವುದರಲ್ಲಿ ಏನೇನು ಅಪಾಯವಿದೆಯೋ ಅದೆಲ್ಲ ಅಲ್ಲಿ ನಡೆದುಹೋಗಿದೆ. ಚಿತ್ರಕಾರ ಪಾಲ್ ಸೆಜಾನ್ 1839ರಲ್ಲಿ, ಕಾದಂಬರಿಕಾರ ಎಮಿಲ್ ಝೋಲಾ 1840ರಲ್ಲಿ ಹುಟ್ಟಿದವರು. ದಕ್ಷಿಣ ಫ್ರಾನ್ಸಿನ ಎಕ್ಸ್ ಎಂಬ ಊರಿನ ಶಾಲೆಯಲ್ಲಿ ಜೊತೆಯಾದವರು. ಝೋಲಾ ತಂದೆಯಿಲ್ಲದ ಬಡ ಹುಡುಗ, ಹೊರಗಿನಿಂದ ಬಂದವನು, ಶಾಲೆಯಲ್ಲಿ ಹುಡುಗರು ಅವನನ್ನು ಗೋಳುಹೊಯ್ದುಕೊಳ್ಳುತ್ತಿದ್ದರು. ಬ್ಯಾಂಕ್ ನಡೆಸುತ್ತಿದ್ದವನ ಮಗನಾದ ಸೆಜಾನ್ ಅವನ ಪರ ನಿಂತು ತಾನೂ ಏಟು ತಿಂದನೆಂದೂ, ಮರುದಿನ ಝೋಲಾ ಅವನಿಗೆ ಒಂದು ಬುಟ್ಟಿ ಸೇಬು ತಂದುಕೊಟ್ಟನೆಂದೂ ಸೆಜಾನ್ ಇಳಿವಯಸ್ಸಿನಲ್ಲಿ ಹೇಳಿಕೊಂಡದ್ದು ದಾಖಲಾಗಿದೆ. 1858ರಲ್ಲಿ ಝೋಲಾ ಪ್ಯಾರಿಸ್ಸಿಗೆ ಹೋದ, ಪತ್ರಗಳ ಮೇಲೆ ಪತ್ರ ಬರೆದು ಗೆಳೆಯನನ್ನೂ ಅಲ್ಲಿಗೆ ಕರೆದ. 1866ರಲ್ಲಿ ತನ್ನ ಕಲಾವಿಮರ್ಶೆಯ ಪುಸ್ತಕವನ್ನು ಅವನಿಗೆ ಅರ್ಪಿಸಿದ. 1878ರಲ್ಲಿ ಸೆಜಾನನ ತಂದೆ ಕೊಡುತ್ತಿದ್ದ ಹಣವನ್ನು ಕಡಿತಗೊಳಿಸಿದಾಗ ಅವನ ಸಂಗಾತಿಗೂ ಮಗುವಿಗೂ ಝೋಲಾ ಹಲವು ತಿಂಗಳು ಹಣ ಕಳುಹಿಸಿದ.

ಇಂಥ ಗೆಳೆಯನೇ 1886ರಲ್ಲಿ ಒಬ್ಬ ಚಿತ್ರಕಾರನ ಕಾದಂಬರಿಯನ್ನು ಪ್ರಕಟಿಸಿದ. ಅದರ ನಾಯಕ ಮಹಾಪ್ರತಿಭಾವಂತ, ಆದರೆ ಮನಸ್ಸಿನಲ್ಲಿರುವುದನ್ನು ಬಟ್ಟೆಯ ಮೇಲೆ ಇಳಿಸಲಾರದವನು; ಕೊನೆಗೆ ಮುಗಿಯದ ಚಿತ್ರದ ಮುಂದೆಯೇ ನೇಣು ಹಾಕಿಕೊಳ್ಳುತ್ತಾನೆ. ಅವನ ಪಕ್ಕದಲ್ಲಿ ಶಿಸ್ತಿನಿಂದ ಬರೆದು ಗೆದ್ದ ಕಾದಂಬರಿಕಾರ ಗೆಳೆಯನೊಬ್ಬನಿದ್ದಾನೆ; ಅವನಲ್ಲಿ ಝೋಲಾನನ್ನು ಗುರುತಿಸಲು ಯಾರಿಗೂ ಕಷ್ಟವಾಗಲಿಲ್ಲ. ಚಿತ್ರಕಾರನ ಪಾತ್ರದಲ್ಲಿ ಮಾನೆ ಮೊದಲಾದ ಅಂದಿನ ಚಿತ್ರಕಾರರ ಅಂಶಗಳೂ ಬೆರೆತಿವೆ, ಆದರೆ ಬಾಲ್ಯದ ಹೊಳೆಯ ಈಜು, ಬೆಟ್ಟದ ಅಲೆದಾಟ ಎಲ್ಲ ಎಕ್ಸ್ ಊರಿನದು. ಪುಸ್ತಕ ತಲುಪಿದ ಮೇಲೆ ಸೆಜಾನ್ ಏಪ್ರಿಲ್ ತಿಂಗಳಲ್ಲಿ ಚುಟುಕಾದ, ಸೌಜನ್ಯದ ಒಂದು ಕೃತಜ್ಞತಾ ಪತ್ರ ಬರೆದ. ಅದೇ ಕೊನೆಯ ಪತ್ರ, ಕಾದಂಬರಿಯೇ ಸ್ನೇಹವನ್ನು ಕೊಂದಿತು ಎಂದು ಬಹಳ ವರ್ಷ ಎಲ್ಲರೂ ಬರೆದರು. ಆಮೇಲೆ 1887ರ ನವೆಂಬರಿನಲ್ಲಿ ಸೆಜಾನ್ ಬರೆದ ಇನ್ನೊಂದು ಪತ್ರ ಬೆಳಕಿಗೆ ಬಂದದ್ದರಿಂದ ಆ ಕಥೆ ಅಷ್ಟು ಸರಳವಲ್ಲ ಎಂದಾಯಿತು. ಇಬ್ಬರೂ ದೂರವಾದದ್ದಂತೂ ನಿಜ. ನನಗೆ ಇದರಲ್ಲಿ ಮುಖ್ಯವೆನಿಸುವುದು ಜಗಳವಲ್ಲ. ಕಣ್ಣೆದುರಿಗಿದ್ದ ಚಿತ್ರಗಳ ಬೆಲೆಯನ್ನು ಅಷ್ಟು ಪ್ರೀತಿಸಿದ ಗೆಳೆಯನೇ ಕಾಣದೆ ಹೋದದ್ದು. ಝೋಲಾ ‘ಸೋತ ಪ್ರತಿಭೆ’ ಎಂದು ಬಗೆದವನ ಪ್ರದರ್ಶನ 1895ರಲ್ಲಿ ಪ್ಯಾರಿಸ್ಸಿನಲ್ಲಿ ನಡೆಯಿತು. 1906ರಲ್ಲಿ ಅವನು ತೀರಿಕೊಂಡ ಮರುವರ್ಷದ ದೊಡ್ಡ ಪ್ರದರ್ಶನವಂತೂ ಹೊಸ ತಲೆಮಾರಿನ ಚಿತ್ರಕಾರರ ದಿಕ್ಕನ್ನೇ ಬದಲಿಸಿತು. ಆ ಪ್ರದರ್ಶನಗಳ ತುಂಬ ಬಿಡಿಸಿಟ್ಟ ಸೇಬುಗಳಿದ್ದವು.

ಇದೇ ಸೆಜಾನನ ಇನ್ನೊಂದು ಪ್ರಸಂಗವನ್ನು ನಿಮ್ಮ ಕೆಲಸಕ್ಕೆ ಅನುಕೂಲವಾಗಬಹುದೆಂದು ಸೇರಿಸುತ್ತೇನೆ. ಚಿತ್ರವ್ಯಾಪಾರಿ ವೊಲ್ಲಾರ್ 1899ರಲ್ಲಿ ತನ್ನ ಭಾವಚಿತ್ರಕ್ಕಾಗಿ 115 ಸಲ ಅಲುಗಾಡದೆ ಕುಳಿತನಂತೆ. ಅಷ್ಟಾದ ಮೇಲೆ ಸೆಜಾನ್ ಆ ಕೆಲಸವನ್ನು ಬಿಟ್ಟು, ಅಂಗಿಯ ಎದೆಯ ಭಾಗ ಮಾತ್ರ ಪರವಾಗಿಲ್ಲ ಎಂದನಂತೆ. ಹೀಗೆಂದು ವೊಲ್ಲಾರನೇ ಬರೆದಿದ್ದಾನೆ. ನೂರು ವಿಶೇಷಣಗಳಿಂದ ಆಗದ ಕೆಲಸವನ್ನು ಆ ಅಂಗಿಯ ಎದೆಭಾಗ ಮಾಡುತ್ತದೆ. ನಿಮ್ಮ ಗೆಳೆಯರಿಗೆ ತಮ್ಮ ಯಾವ ಬೋರ್ಡಿನ ಯಾವ ಅಕ್ಷರ ‘ಪರವಾಗಿಲ್ಲ’ ಎನಿಸಿತ್ತು? ಒತ್ತಕ್ಷರದ ಬಾಗು ಹಿಡಿಯಲು ಅವರು ಉಸಿರು ಬಿಗಿಹಿಡಿಯುತ್ತಿದ್ದರೇ? ‘ಶ್ರೀ’ ಬರೆಯಲು ಮಾತ್ರ ಬೇರೆ ಬ್ರಷ್ ಇಟ್ಟಿದ್ದರೇ? ನಿಮ್ಮ ಹಸ್ತಪ್ರತಿಯಲ್ಲಿ ಇಂಥದ್ದು ಒಂದೂ ಇಲ್ಲ.

ಝೋಲಾನ ಕಥೆಯಿಂದ ನಿಮಗೆ ಸಿಗುವುದು ಇಷ್ಟು: ಗೆಳೆಯನ ಕಣ್ಣು ತಪ್ಪಬಹುದು, ಆ ತಪ್ಪಿಗೆ ಕಾದಂಬರಿಯಲ್ಲಿ ಜಾಗವಿರಬೇಕು. ಹತ್ತಿರದವನಿಗೆ ಬಡತನ ಕಾಣುತ್ತದೆ, ಹಟ ಕಾಣುತ್ತದೆ, ಸಾಲ ಕಾಣುತ್ತದೆ. ಅವುಗಳ ಹಿಂದೆ ಚಿತ್ರ ಮರೆಯಾಗುತ್ತದೆ. ನಿಮ್ಮ ನಿರೂಪಕನೋ ಮೊದಲ ದಿನದಿಂದಲೇ ಗೆಳೆಯನನ್ನು ಮಹಾಕಲಾವಿದನೆಂದು ತಿಳಿದಿದ್ದಾನೆ, ಒಮ್ಮೆಯೂ ಸಂಶಯಪಡುವುದಿಲ್ಲ. ಮೂವತ್ತು ವರ್ಷ ಬ್ಯಾಂಕಿನ ಲೆಡ್ಜರ್ ನೋಡಿದವನು ಹೀಗಿರುತ್ತಾನೆಂದು ನಾನು ನಂಬಲಾರೆ.

ಎರಡನೆಯ ಅಧ್ಯಾಯದ ಕೊನೆಯಲ್ಲಿ ನೀವೇ ಒಂದು ವಾಕ್ಯ ಬರೆದಿದ್ದೀರಿ: ‘ಫ್ಲೆಕ್ಸ್ ಬಂದ ಕಾಲದಲ್ಲಿ ಸಾಲದ ವಿಷಯವಾಗಿ ನಮ್ಮಿಬ್ಬರಲ್ಲಿ ಸ್ವಲ್ಪ ಮನಸ್ತಾಪವಾಗಿತ್ತು, ಆಮೇಲೆ ಸರಿಹೋಯಿತು.’ ನಿಮ್ಮ ಕಾದಂಬರಿ ಈ ವಾಕ್ಯದೊಳಗೆ ಅಡಗಿ ಕುಳಿತಿದೆ. ಕೈಬರಹದ ಬೋರ್ಡಿಗೆ ಗಿರಾಕಿ ಕಡಿಮೆಯಾಗುತ್ತಿರುವಾಗ ಪೇಂಟರನೊಬ್ಬ ಬ್ಯಾಂಕಿನಲ್ಲಿರುವ ಗೆಳೆಯನ ಬಳಿ ಬರುತ್ತಾನೆ. ಏನು ಕೇಳುತ್ತಾನೆ? ಫ್ಲೆಕ್ಸ್ ಯಂತ್ರ ಕೊಳ್ಳಲು ಸಾಲವನ್ನೋ, ಅಥವಾ ಯಂತ್ರ ಕೊಳ್ಳದೆ ಇನ್ನೆರಡು ವರ್ಷ ಬ್ರಷ್ ಹಿಡಿದೇ ಬದುಕಲು ಸಾಲವನ್ನೋ? ಮೊದಲನೆಯದಕ್ಕೆ ಬ್ಯಾಂಕಿನಲ್ಲಿ ಅರ್ಜಿ ನಮೂನೆ ಇರುತ್ತದೆ, ಎರಡನೆಯದಕ್ಕೆ ಇರುವುದಿಲ್ಲ. ಜಾಮೀನಿಗೆ ಯಾರು ನಿಂತರು? ನಿರೂಪಕ ನಿಯಮದ ಹೆಸರು ಹೇಳಿ ಜಾರಿಕೊಂಡನೇ, ಅಥವಾ ‘ಇನ್ನು ಬ್ರಷ್ ಬಿಡಪ್ಪ’ ಎಂದು ಬುದ್ಧಿ ಹೇಳಿದನೇ? ಬುದ್ಧಿ ಹೇಳಿದ್ದರೆ ಅದು ಅವಮಾನಕ್ಕಿಂತ ಹೆಚ್ಚು ನಾಟಿರುತ್ತದೆ, ಏಕೆಂದರೆ ದಾರದ ತುದಿ ಹಿಡಿದವನೇ ಹಾಗೆಂದ. ಎಷ್ಟು ತಿಂಗಳು ಮಾತಿರಲಿಲ್ಲ? ‘ಸರಿಹೋಯಿತು’ ಎಂದರೆ ಯಾರು ಯಾರ ಮನೆಗೆ ಹೋದರು, ಏನು ನೆಪ ಹೇಳಿಕೊಂಡು? ಮಂಡಕ್ಕಿ ಮೆಣಸಿನಕಾಯಿ ತಿನ್ನುತ್ತ ಆ ವಿಷಯವನ್ನು ಇಬ್ಬರೂ ಎತ್ತದೆ ಇದ್ದದ್ದೇ ರಾಜಿಯಾಯಿತೆಂದರೆ ಅದನ್ನೇ ಬರೆಯಿರಿ. ನಮ್ಮ ಕಡೆಯ ಗಂಡಸರ ಸ್ನೇಹಗಳು ಬಹುಪಾಲು ಹಾಗೆಯೇ ಸರಿಹೋಗುತ್ತವೆ. ಸ್ನೇಹ ಬಾಳಿತೆಂಬುದಕ್ಕೆ ಪುರಾವೆ ಅದು ಮುರಿಯಬಹುದಾಗಿದ್ದ ಈ ಜಾಗದಲ್ಲಿ ಸಿಗುತ್ತದೆ.

ನಡುವೆ ಒಂದು ಚಿಕ್ಕ ತಿದ್ದುಪಡಿ: 1985ರಲ್ಲಿ ನಡೆಯುವ ಸನ್ನಿವೇಶದಲ್ಲಿ ‘ದಾವಣಗೆರೆ ಜಿಲ್ಲಾಧಿಕಾರಿಗಳ ಕಚೇರಿಯ ಬೋರ್ಡು’ ಎಂದಿದ್ದೀರಿ. ದಾವಣಗೆರೆ ಚಿತ್ರದುರ್ಗದಿಂದ ಬೇರೆಯಾಗಿ ಜಿಲ್ಲೆಯಾದದ್ದು 1997ರಲ್ಲಿ. ಆ ವರ್ಷ ಊರಿನ ಎಷ್ಟು ಸರ್ಕಾರಿ ಬೋರ್ಡುಗಳನ್ನು ಹೊಸದಾಗಿ ಬರೆಯಬೇಕಾಗಿ ಬಂದಿರಬಹುದೆಂದು ಯೋಚಿಸಿ ನೋಡಿ. ಬೋರ್ಡು ಬರೆಯುವವನ ಕಥೆಯಲ್ಲಿ ಅದೊಂದು ಹಬ್ಬದ ಅಧ್ಯಾಯವಾಗಬಹುದು.

ಇನ್ನು ಸಾವಿನ ನಂತರದ ಭಾಗ. ನೀವು ಅದಕ್ಕೆ ಕನಸುಗಳನ್ನು ಬಳಸಿದ್ದೀರಿ, ಗೆಳೆಯ ಕನಸಿನಲ್ಲಿ ಬಂದು ಸಮಾಧಾನ ಹೇಳುತ್ತಾನೆ. ಅದನ್ನು ತೆಗೆದುಬಿಡಿ. ಬೋರ್ಡು ಬರೆಯುವವರು ಬಲಗಡೆಯ ಕೆಳಮೂಲೆಯಲ್ಲಿ ತಮ್ಮ ಹೆಸರನ್ನೋ ತಮ್ಮ ‘ಆರ್ಟ್ಸ್’ನ ಹೆಸರನ್ನೋ ಚಿಕ್ಕದಾಗಿ ಹಾಕುತ್ತಿದ್ದರು. ಆ ಹೆಸರುಗಳು ಹಳೇ ಪಿ.ಬಿ. ರಸ್ತೆಯ ಬದಿಯಲ್ಲಿ, ಮುಚ್ಚಿದ ಅಂಗಡಿಗಳ ಬಾಗಿಲ ಮೇಲೆ ಇನ್ನೂ ಕೆಲವಾದರೂ ಇದ್ದಾವು. ನಿರೂಪಕ ಅವನ್ನು ಹುಡುಕಿಕೊಂಡು ಹೋಗಲಿ, ಸ್ಮರಣಾರ್ಥವಾಗಿ ಅಲ್ಲ, ಒಂದು ಗಟ್ಟಿಯಾದ ಕಾರಣಕ್ಕಾಗಿ: ಸಾಲದ ಜಗಳದ ಮೇಲೆ ಗೆಳೆಯ ಬರೆದ ಅಕ್ಷರಗಳು ಹಿಂದಿನವುಗಳಿಗಿಂತ ಕೆಟ್ಟವೋ ಚೆನ್ನಾದವೋ ಎಂದು ತಿಳಿಯಲು. ಆಗ ಅವನು ಬೋರ್ಡುಗಳನ್ನು ಗೆಳೆಯನ ಕಣ್ಣಿನಿಂದ ನೋಡುತ್ತಿರುತ್ತಾನೆ. ಅಕ್ಷರಗಳ ನಡುವಿನ ಅಂತರ, ನೆರಳಿನ ಗೆರೆ ಯಾವ ಕಡೆ ಬಿದ್ದಿದೆ, ಎನಾಮೆಲ್ ಎಲ್ಲಿ ಸೋರಿದೆ ಎಂಬುದು ಅವನಿಗೆ ತಾನಾಗಿ ಕಾಣುತ್ತದೆ. ಮೊದಲ ಅಧ್ಯಾಯದಲ್ಲಿ ಹಸಿ ಬಣ್ಣಕ್ಕೂ ಒಣಗಿದ ಬಣ್ಣಕ್ಕೂ ವ್ಯತ್ಯಾಸ ತಿಳಿಯದಿದ್ದವನು ಇವನೇ. ಸತ್ತವನ ಸ್ನೇಹ ಇವನ ಕಣ್ಣಿನಲ್ಲಿ ಕೆಲಸ ಮಾಡುತ್ತಿದೆ ಎಂಬುದನ್ನು ನೀವು ಹೇಳಬೇಕಾಗಿಲ್ಲ.

ಹೆಸರು ಹಾಕುವ ಈ ಆಸೆ ನಮ್ಮ ಸೀಮೆಯಲ್ಲಿ ಬಹಳ ಹಳೆಯದು. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯ ಅಶೋಕನ ಶಾಸನದ ಕೊನೆಯಲ್ಲಿ ಅದನ್ನು ಬರೆದ ಚಪಡ ತನ್ನ ಹೆಸರನ್ನು ನಮೂದಿಸಿದ್ದಾನೆ. ಶಾಸನವೆಲ್ಲ ಬ್ರಾಹ್ಮಿಯಲ್ಲಿದ್ದರೂ ‘ಲಿಪಿಕಾರ’ನೆಂಬ ತನ್ನ ಕಸುಬಿನ ಪದವನ್ನು ಮಾತ್ರ ಅಂದಿನ ಭಾರತದ ವಾಯವ್ಯ ಭಾಗದ ಖರೋಷ್ಠಿ ಲಿಪಿಯಲ್ಲಿ ಬರೆದಿದ್ದಾನೆ. ಈ ಕಡೆಯ ಜನ ಓದಲಾರದ ಆ ಲಿಪಿಯನ್ನು ಯಾರಿಗೆ ತೋರಿಸಲು ಬರೆದನೋ. ನಿಮ್ಮ ಗೆಳೆಯರೊಮ್ಮೆ ಅಲ್ಲಿಗೆ ಹೋಗಿದ್ದರೆಂದು ಬರೆದಿದ್ದೀರಿ. ಅವರನ್ನು ಆ ಬಂಡೆಯ ಮುಂದೆ ಅಕ್ಷರದವನ ಕಣ್ಣಿನಿಂದ ನಿಲ್ಲಿಸುವುದು ನಿಮಗೆ ಸಾಧ್ಯ.

ಕೊನೆಯ ಪ್ರಶ್ನೆಗೆ ನೇರವಾದ ಉತ್ತರ ಕೊಡುತ್ತೇನೆ. ಗೆಳೆಯರ ಹೆಸರು, ಮನೆ ಇದ್ದ ಬೀದಿ, ಮಕ್ಕಳ ಸಂಖ್ಯೆ, ಕಾಯಿಲೆ ಇವನ್ನು ಬದಲಿಸಿ. ಕಸುಬಿನ ವಿವರಗಳನ್ನು ಬದಲಿಸಬೇಡಿ. ಅವರು ನಿಮಗೆ ಬರೆದ ಪತ್ರಗಳನ್ನು ಇದ್ದಂತೆಯೇ ಸೇರಿಸುವ ಯೋಚನೆ ನಿಮಗಿದೆ. ಪತ್ರದ ಕಾಗದ ನಿಮ್ಮದಾದರೂ ಅದರ ಬರಹದ ಹಕ್ಕು ಬರೆದವರದು. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಬರೆದವರು ತೀರಿಕೊಂಡ ಮೇಲೆ ಅದು ಅವರ ವಾರಸುದಾರರಿಗೆ ಸೇರುತ್ತದೆ. ಅವರು ಬರೆದ ಚಿತ್ರವನ್ನು ಮುಖಪುಟಕ್ಕೆ ಬಳಸುವುದಕ್ಕೂ ಇದೇ ನಿಯಮ. ಆದ್ದರಿಂದ ಅವರ ಮನೆಯವರಿಂದ ಲಿಖಿತ ಒಪ್ಪಿಗೆ ಪಡೆಯದೆ ಮುಂದುವರಿಯಬೇಡಿ.

ಒಪ್ಪಿಗೆ ಕೇಳಲು ಹೋಗುವ ಮೊದಲು ಸಾಲದ ಅಧ್ಯಾಯವನ್ನು ಪೂರ್ತಿಯಾಗಿ ಬರೆದು, ಅದನ್ನು ಅವರ ಪತ್ನಿಯವರಿಗೆ ಓದಲು ಕೊಡಿ. ಆ ದಿನಗಳಲ್ಲಿ ಮನೆಯಲ್ಲಿ ಏನಾಯಿತು ಎಂಬುದು ನಿಮಗಿಂತ ಅವರಿಗೆ ಚೆನ್ನಾಗಿ ಗೊತ್ತು. ಅವರು ‘ಹೀಗಿರಲಿಲ್ಲ’ ಎಂದು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದುಕೊಂಡು ಬನ್ನಿ. ಸರೇಸಿನ ವಾಸನೆಯನ್ನು ಅಷ್ಟು ವರ್ಷ ಸಹಿಸಿದ ಅವರು ನಿಮ್ಮ ಎರಡು ಅಧ್ಯಾಯಗಳಲ್ಲಿ ಒಂದು ಮಾತನ್ನೂ ಆಡುವುದಿಲ್ಲ. ಮೂರನೆಯ ಅಧ್ಯಾಯದಲ್ಲಿ ಅವರಿಗೆ ಮಾತು ಕೊಡಿ.